ನೇರಳೆ ಮರದ ನೆತ್ತಿ

ಒಂದೂರಲ್ಲಿ ಒಬ್ಬ ದೊರೆ ಇದ್ದನಂತೆ. ಊರ ಹೆಸರು ಕೇಳಬೇಡಿ, ನನಗೆ ಈ ಕಥೆ ಹೇಳಿದ ಅಜ್ಜಿಗೇ ಗೊತ್ತಿರಲಿಲ್ಲ. ಆ ದೊರೆಗೆ ಎರಡು ಉಪ್ಪರಿಗೆಯ ಅರಮನೆ, ಅರಮನೆ ಮುಂದೆ ಒಂದು ನೇರಳೆ ಮರ. ಮರ ಅಂದರೆ ಮರ! ಉಪ್ಪರಿಗೆ ಮೇಲೆ ನಿಂತು ಕತ್ತೆತ್ತಿದರೂ ತುದಿ ಕಾಣದು. ಹಣ್ಣಿನ ಕಾಲ ಬಂತೆಂದರೆ ಊರ ಮಕ್ಕಳ ನಾಲಿಗೆಯೆಲ್ಲ ನೀಲಿ, ದೊರೆಯ ನಾಲಿಗೆಯೂ ನೀಲಿ.

ಒಂದು ದಿನ ಬಳೆಗಾರನೊಬ್ಬ ಅರಮನೆ ಜಗಲಿಯಲ್ಲಿ ಕೂತು, "ದಾರಿ ಕೇಳಿದ್ದಕ್ಕೆ ಎಲ್ಲರೂ ನೇರಳೆ ಮರ ನೋಡ್ಕೊಂಡು ಹೋಗು ಅಂದ್ರು ಬುದ್ಧಿ, ಸಲೀಸಾಗಿ ಬಂದೆ" ಅಂದನಂತೆ. ಅಷ್ಟೇ. ದೊರೆಗೆ ಅನ್ನ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. "ಅರಮನೆ ನೋಡ್ಕೊಂಡು ಹೋಗು ಅನ್ನೋರು ಒಬ್ಬರೂ ಇಲ್ವಾ!" ಬೆಳಗಾಗುತ್ತಲೇ ದ್ಯಾವಣ್ಣನಿಗೆ ಹೇಳಿಕಳಿಸಿದ.

ದ್ಯಾವಣ್ಣ ಮರ ಸವರುವವನು. ಒಣಗಿದ ಕೊಂಬೆ ತೆಗೆಯೋದು, ಸೂರಿಗೆ ತಾಗೋ ರೆಂಬೆ ಇಳಿಸೋದು, ಬಂದಳಿಕೆ ಕೀಳೋದು ಅವನ ಕಸುಬು. ಆ ಸೀಮೆಯಲ್ಲಿ ಈ ಕಸುಬಿನವರಿಗೆ ಕೊಡಲಿ ಕೊಡುತ್ತಿದ್ದದ್ದು ಅರಮನೆ. ಕೊಡಲಿ ಕೈಯಲ್ಲಿದ್ದರೆ ದ್ಯಾವಣ್ಣನ ಮನೆ ಒಲೆ ಉರಿಯೋದು, ಇಲ್ಲದಿದ್ದರೆ ಇಲ್ಲ.

"ಇದರ ನೆತ್ತಿ ತೆಗಿ. ಅರಮನೆಗಿಂತ ಒಂದು ಮೊಳ ಕೆಳಗಿರಲಿ" ಅಂದ ದೊರೆ.

"ಬುದ್ಧೀ, ಕೊಂಬೆ ತೆಗೆದ್ರೆ ಮರ ತಡ್ಕೊಳ್ತದೆ. ನೆತ್ತಿ ತೆಗೆದ್ರೆ ಆ ಗಾಯ ಮುಚ್ಚಲ್ಲ. ನೀರಿಳೀತದೆ, ಕೊಳೀತದೆ, ಸಾಯ್ತದೆ. ಬೇಕಾದ್ರೆ ನಾಲ್ಕು ರೆಂಬೆ ಸವರಿ ಅರಮನೆ ಕಾಣೋ ಹಾಗೆ ಮಾಡಿಕೊಡ್ತೀನಿ."

"ನಾನು ಹೇಳಿದ್ದು ನೆತ್ತಿ ಕಣೋ!"

ದ್ಯಾವಣ್ಣನೂ ಕಿಲಾಡಿಯೇ. ಮರ ಸವರುವವರಲ್ಲಿ ಒಂದು ಪದ್ಧತಿ ಇತ್ತಂತೆ: ಮರದ ಒಡೆಯ ಬೊಡ್ಡೆಗೆ ಕೈಯಿಟ್ಟು, ಯಾಕೆ ಕಡಿಸ್ತೀನಿ ಅಂತ ಊರೆದುರು ಗಟ್ಟಿಯಾಗಿ ಹೇಳಬೇಕು. ಹೇಳಿದರೆ ಪಾಪ ಒಡೆಯನಿಗೆ, ಕಡಿದವನಿಗಿಲ್ಲ. ಹೊಟ್ಟೆಕಿಚ್ಚು ಅಂತ ಯಾವ ದೊರೆ ತಾನೇ ಬಾಯಿಬಿಟ್ಟು ಹೇಳ್ತಾನೆ? "ಪದ್ಧತಿ ಪ್ರಕಾರ ಆಗ್ಲಿ ಬುದ್ಧಿ" ಅಂತ ಕೈಮುಗಿದು, ಒಳಗೊಳಗೇ ನಗುತ್ತಾ ಮನೆಗೆ ಬಂದ.

ಹೆಂಡತಿ ಪುಟ್ಟನಿಂಗಿ ಎಲ್ಲ ಕೇಳಿ, "ನಿನ್ನ ಜಾಣತನಕ್ಕಿಷ್ಟು ಬೆಂಕಿ ಹಾಕ! ಆ ಪದ್ಧತಿ ಮಾಡಿರೋದು ನಾಚಿಕೆ ಇರೋರಿಗೆ ಕಣಯ್ಯ" ಅಂದಳಂತೆ.

ಅವಳಂದಂತೆಯೇ ಆಯಿತು. ಮಾರನೇ ದಿನ ದೊರೆ ತಮಟೆ ಬಡಿಸಿಕೊಂಡು ಬಂದ. ಊರೆಲ್ಲ ಸೇರಿತು. ಬೊಡ್ಡೆಗೆ ಕೈಯಿಟ್ಟ. "ಎಲೈ ನೇರಳೆಯೇ, ನೀನು ನನ್ನ ಅರಮನೆಗಿಂತ ಎತ್ತರ ಇದ್ದೀಯ. ನಿನ್ನ ನೋಡಿದ್ರೆ ನನಗೆ ಹೊಟ್ಟೆ ಉರೀತದೆ. ಅದಕ್ಕೇ ನಿನ್ನ ತಲೆ ತೆಗೆಸ್ತೀನಿ!" ಅಂದ. ಜನ ಚಪ್ಪಾಳೆ ತಟ್ಟಿದರು. "ಆಹಾ, ಎಂಥ ಸತ್ಯವಂತ!" ಅಂತ ಮಂತ್ರಿ ಕಣ್ಣೊರೆಸಿಕೊಂಡನಂತೆ.

"ಆಯ್ತಲ್ಲ, ಪಾಪ ನನ್ನ ತಲೆಗೆ ಬಂತು. ಹತ್ತು ಇನ್ನ."

ದ್ಯಾವಣ್ಣನಿಗೆ ಬಚ್ಚಿಟ್ಟುಕೊಳ್ಳೋಕೆ ಇದ್ದದ್ದು ಒಂದು ಪದ್ಧತಿ, ಅದೂ ಮುಗೀತು. ಹತ್ತಿ ಕಡಿದರೆ ಯಾರೂ ಅವನನ್ನು ಬೈಯೋ ಹಾಗಿಲ್ಲ. ಆದರೂ ಕೊಡಲಿಯನ್ನು ದೊರೆಯ ಕಾಲ ಬಳಿ ಇಟ್ಟ.

"ಪಾಪ ನಿಮಗೇ ಬಂದಿರಬೋದು ಬುದ್ಧಿ. ಆದ್ರೆ ಸಾಯೋದು ಮರವೇ ಅಲ್ವಾ? ಸಾಯಿಸೋದು ಈ ಕೈಯೇ ಅಲ್ವಾ? ನನ್ನಿಂದಾಗಲ್ಲ."

"ಹಾಗಾದ್ರೆ ಈ ಸೀಮೇಲಿ ಇನ್ನೊಂದು ಮರ ಮುಟ್ಟಬೇಡ, ನಡಿ" ಅಂದ ದೊರೆ. ಕೊಡಲಿ ಸೌದೆ ಒಡೆಯೋ ಕಾಡಯ್ಯನ ಕೈಗೆ ಹೋಯಿತು. ಅವನಿಗೆ ಮರವೂ ಒಂದೇ, ಸೌದೆಯೂ ಒಂದೇ. ಮಧ್ಯಾಹ್ನದೊಳಗೆ ನೆತ್ತಿ ನೆಲಕ್ಕೆ ಬಿತ್ತು. ದ್ಯಾವಣ್ಣನ ಮನೆಯಲ್ಲಿ ಅವತ್ತಿಂದ ಬರೀ ಬೆರಕೆ ಸೊಪ್ಪು. "ಇವತ್ತೇನು, ಪದ್ಧತಿ ಬೇಯಿಸಿ ಬಡಿಸ್ಲಾ?" ಅಂತ ಪುಟ್ಟನಿಂಗಿ ಕೇಳೋಳು. ಕೇಳಿದರೂ, ತನ್ನ ಪಾಲಿನ ಸೊಪ್ಪನ್ನೂ ಅವನ ತಣಿಗೆಗೇ ಹಾಕೋಳು.

ಇತ್ತ ದೊರೆ, ರಾಣಿ ಸಮೇತ ಉಪ್ಪರಿಗೆ ಹತ್ತಿದ, ತನಗಿಂತ ಎತ್ತರದ್ದು ಏನೂ ಇಲ್ಲ ಅಂತ ನೋಡಿ ಹಿಗ್ಗೋಕೆ. ನೋಡ್ತಾನೆ, ಹೊಳೆಯಾಚೆ ಅವನ ಷಡ್ಡಕನ ಅರಮನೆ! ಷಡ್ಡಕರಿಬ್ಬರೂ ಮದುವೆ ಚಪ್ಪರದಲ್ಲೇ ಮಾತು ಬಿಟ್ಟವರು, ಹೋಗಿಬರೋದು ಇರಲಿಲ್ಲ. ಇಷ್ಟು ವರ್ಷವೂ ನೇರಳೆ ಮರ ಅದನ್ನು ಮರೆಮಾಡಿತ್ತು.

"ಅಯ್ಯೋ! ನನ್ನ ತಂಗಿಗೆ ಮೂರು ಉಪ್ಪರಿಗೆನಾ?" ಅಂದಳು ರಾಣಿ.

ಮುಗೀತು ಕಥೆ. ಉಣ್ಣೋಕೆ ಕೂತರೆ ಮೂರು ಉಪ್ಪರಿಗೆ, ಮೀಯೋಕೆ ನಿಂತರೆ ಮೂರು ಉಪ್ಪರಿಗೆ. ಆ ಬೇಸಿಗೆ ದಾಟಿ, ಮಳೆ ಕಳೆದು, ಮರ ಬೊಡ್ಡೆವರೆಗೂ ಕೊಳೆತು ಸತ್ತಿತು. ಕಡೆಗೆ ದೊರೆಯೇ ಕೊಡಲಿ ಹೊತ್ತು ದ್ಯಾವಣ್ಣನ ಗುಡಿಸಲಿಗೆ ಬಂದನಂತೆ.

"ಇಕೋ ನಿನ್ನ ಕೊಡಲಿ. ಆ ಮರಾನ ಮತ್ತೆ ಮೊದಲಿನಷ್ಟೆತ್ತರ ಬೆಳೆಸಪ್ಪಾ."

"ಸತ್ತದ್ದು ಬೆಳೆಯಲ್ಲ ಬುದ್ಧಿ. ಪಕ್ಕದಲ್ಲಿ ಸಸಿ ನೆಟ್ಟುಕೊಡ್ತೀನಿ."

"ಅದು ಬೆಳೆದು ಆ ಅರಮನೇನ ಮರೆಮಾಡೋದು ಯಾವಾಗ?"

"ನಿಮ್ಮ ಮೊಮ್ಮಕ್ಕಳು ಮುದುಕರಾಗೋ ಹೊತ್ತಿಗೆ."

ದ್ಯಾವಣ್ಣ ಸಸಿ ನೆಟ್ಟ, ಕೊಡಲಿ ಹೆಗಲಿಗೇರಿಸಿ ಕಸುಬಿಗೆ ಹೋದ. ದೊರೆ ಯಾರನ್ನೂ ನಂಬದೆ ದಿನಾ ಬೆಳಿಗ್ಗೆ ತಾನೇ ಬಿಂದಿಗೆ ಹಿಡಿದು ಗೇಣುದ್ದದ ಸಸಿಗೆ ನೀರು ಹೊಯ್ಯುತ್ತಿದ್ದ. ಒಂದು ಬೆಳಿಗ್ಗೆ ಮೇಲಿಂದ ರಾಣಿ ಕೂಗಿದಳಂತೆ: "ಇಲ್ಲಿ ಬಂದು ನೋಡೀಂದ್ರೆ! ನಾಲ್ಕನೇದು ಕಟ್ಟಿಸ್ತಾವ್ರೆ!"

ದೊರೆ ಅಲ್ಲಿ ನೀರು ಹೊಯ್ಯುತ್ತಾ ನಿಂತ, ನಾವಿಲ್ಲಿ ಕಥೆ ಕೇಳುತ್ತಾ ಕೂತ್ವಿ. ಏಳಿ, ಮುದ್ದೆ ಆರಿಹೋಗ್ತದೆ.