ನಾನೂರು ದಿನ ನಿಲ್ಲದ ಸರ್ವರ್

ವಿಶ್ವವಿದ್ಯಾಲಯದ ಗಣಕ ಕೇಂದ್ರದ ಯುನಿಕ್ಸ್ ಸರ್ವರ್ ನಾನೂರು ದಿನಗಳಿಂದ ಒಮ್ಮೆಯೂ ನಿಂತಿರಲಿಲ್ಲ. ನಿರ್ದೇಶಕ ತಿಪ್ಪೇರುದ್ರಯ್ಯನವರು ಆ ಸಂಖ್ಯೆಯನ್ನು ಬಾಗಿಲ ಫಲಕದ ಮೇಲೆ ದಿನವೂ ಬರೆಸುತ್ತಿದ್ದರು. ಅವರ ಬೇರೆ ಸಾಧನೆಗಳಿಗೆ ಫಲಕ ಬೇಕಾಗಿರಲಿಲ್ಲ.

ಹಳೆಯ ಡಿಸ್ಕುಗಳು ತುಂಬಿ, ಪರೀಕ್ಷೆಯ ಫಲಿತಾಂಶಕ್ಕೆ ಜಾಗವಿರಲಿಲ್ಲ. ಹೊಸ ಡಿಸ್ಕುಗಳನ್ನು ನಡೆಸುವ ಕಂಟ್ರೋಲರಿನ ಡ್ರೈವರ್ ಎಂಬ ತಂತ್ರಾಂಶವನ್ನು ಗುತ್ತಿಗೆಯ ಮೇಲಿದ್ದ ಆಪರೇಟರ್ ಸಿದ್ಧಮಾಡಿಟ್ಟು ಮೂರು ವಾರವಾಗಿತ್ತು. ಅದು ಕೆಲಸ ಶುರುಮಾಡಲು ಸರ್ವರನ್ನು ಒಮ್ಮೆ ಆರಿಸಿ ಹಚ್ಚಿದ್ದರೆ ಸಾಕಿತ್ತು.

"ಆರಿಸೋ ಹಾಗಿಲ್ಲ," ಎಂದರು ನಿರ್ದೇಶಕರು. "ಆದ್ರೆ ದಸರೆಯೊಳಗೆ ಫಲಿತಾಂಶ ಬರಬೇಕು. ಇಲ್ಲದಿದ್ರೆ ನಿಮ್ಮ ಗುತ್ತಿಗೆ ಮುಗೀತು ಅಂದ್ಕೊಳ್ಳಿ."

ಆಯುಧಪೂಜೆಯ ಬೆಳಿಗ್ಗೆ ಅವರು ರೇಷ್ಮೆ ಪಂಚೆಯುಟ್ಟು, ಪುರೋಹಿತರೊಂದಿಗೆ ಬಂದರು. ಆಪರೇಟರ್ ಮೆಲ್ಲಗೆ ಕೇಳಿದಳು:

"ಓಡ್ತಿರೋದಕ್ಕೇ ಪೂಜೆನಾ ಸಾರ್? ನಮ್ಮ ಬೀದಿ ಆಟೋದವರೂ ಇಂಜಿನ್ ಆರಿಸಿಯೇ ಕುಂಕುಮ ಇಡ್ತಾರೆ."

"ಹೌದಲ್ವೆ! ಆಯುಧಕ್ಕೆ ವಿಶ್ರಾಂತಿ ಕೊಡದೆ ಪೂಜೆಯುಂಟೆ?" ಎಂದರು ಪುರೋಹಿತರು.

ನಿರ್ದೇಶಕರು ಫಲಕ ನೋಡಿದರು, ಪುರೋಹಿತರನ್ನು ನೋಡಿದರು. ಫಲಕಕ್ಕಿಂತ ಪಾಪಭೀತಿ ದೊಡ್ಡದು.

"ನಿಮ್ಮ ಕೈಯಿಂದಲೇ ಆಗಲಿ ಸಾರ್," ಎಂದಳು ಅವಳು. ಅವರೇ ಆರಿಸಿದರು. ಆರತಿಯಾಯಿತು, ಕುಂಬಳಕಾಯಿ ಒಡೆಯಿತು. ಮತ್ತೆ ಹಚ್ಚಿದಾಗ ತೆರೆಯ ಮೇಲೆ ಹೊಸ ಡಿಸ್ಕುಗಳು ಒಂದೊಂದಾಗಿ ಕಾಣಿಸಿಕೊಂಡವು. ಸಂಜೆಗೆ ಫಲಿತಾಂಶ ಹೊರಬಿತ್ತು.

"ನೋಡಿದ್ರಾ?" ನಿರ್ದೇಶಕರು ಕುಣಿಯುವುದೊಂದು ಬಾಕಿ. "ಮೂರು ವಾರ ಡ್ರೈವರ್ ಡ್ರೈವರ್ ಅಂತಿದ್ರಿ. ಒಂದು ಕುಂಬಳಕಾಯಿಗೆ ಆಗಿಹೋಯ್ತು!"

"ಹೌದು ಸಾರ್," ಎಂದು ಅವಳು ಪೂಜೆಯ ಪ್ರಸಾದದ ಚರುಪನ್ನು ಇನ್ನೊಂದು ಹಿಡಿ ತೆಗೆದುಕೊಂಡಳು.

ಅವಳ ಗುತ್ತಿಗೆ ಮುಂದುವರಿಯಿತು. ಈಗ ಸರ್ವರ್ ಆರಿಸಬೇಕಾದಾಗಲೆಲ್ಲ ಅವಳು ಒಂದು ಕುಂಬಳಕಾಯಿ ಬೇಕೆಂದು ಬರೆದು ಕಳಿಸುತ್ತಾಳೆ. ನಿರ್ದೇಶಕರು ಮರುಮಾತಿಲ್ಲದೆ ಸಹಿ ಹಾಕುತ್ತಾರೆ.