ರುಮಾಲುಗುಂಡು

ಈ ಗುಂಡಿನ ಕಥೆ ಶುರುವಾದಾಗಲೆಲ್ಲ ಯಾರಾದರೊಬ್ಬರು ನಡುವೆ ಬಾಯಿ ಹಾಕುತ್ತಾರೆ: ‘ಬಂಡೆ ರುಮಾಲಿನ ಆಕಾರದಲ್ಲಿದೆ, ಅದಕ್ಕೇ ಆ ಹೆಸರು.’ ಇವತ್ತೂ ಅದೇ ಆಯಿತು. ಕಣ್ಣಿದ್ದವರು ನೋಡಲಿ, ಅದು ಬೋರಲು ಹಾಕಿದ ಮಡಕೆಯ ಹಾಗಿದೆ. ಹಳೆಯ ಕೋಟೆಬಾಗಿಲಿನ ಪಕ್ಕ, ಗೋಡೆಗೆ ಒರಗಿ ಕೂತ ಕರಿಬಂಡೆ. ನೆತ್ತಿಯ ಮೇಲೊಂದು ಚಪ್ಪಡಿ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಈ ಕೋಟೆ ಕಾಯಲು ಭುಜಂಗಪ್ಪನೆಂಬ ಠಾಣೇದಾರನಿದ್ದ ಎನ್ನುತ್ತಾರೆ. ಠಾಣೇದಾರನಿಗೆ ಅರಮನೆಯಿಂದ ಕೆಂಪು ರುಮಾಲು ಬರುತ್ತಿತ್ತು. ಅದು ತಲೆಯ ಮೇಲಿರುವಾಗ ಮಾಡಿದ್ದೆಲ್ಲ ರುಮಾಲಿನ ಕೆಲಸ, ಆ ಮನುಷ್ಯನನ್ನು ಯಾರೂ ಕೇಳುವಂತಿಲ್ಲ ಎಂಬುದು ಕಟ್ಟಳೆ. ಒಂದು ಸಂಜೆ ದೂರದಲ್ಲಿ ಧೂಳೆದ್ದಿತು. ಶತ್ರುಗಳ ಕುದುರೆ ಬಂತೆಂದು ಅವನು ಬಾಗಿಲು ಹಾಕಿಸಿದ. ಬರುತ್ತಿದ್ದದ್ದು ಊರಿನದೇ ಕುರಿಮಂದೆ. ಮಂದೆಯ ಮುಂದಿದ್ದ ಹುಡುಗಿ ದುರುಗಿ, ಬಾಗಿಲು ಹಾಕಿದ್ದನ್ನು ಕಂಡೇ ಹಿಂದೆ ಶತ್ರು ಬರುತ್ತಿದ್ದಾನೆಂದು ಹೆದರಿ ಓಡಿಬಂದಳು. ‘ಅವ್ವಾ, ನಾನು ಕಣವ್ವಾ, ದಿಡ್ಡಿಬಾಗಿಲು ತೆಗೆಸು!’ ಒಳಗೆ ಅವಳ ತಾಯಿ ಪಾಲವ್ವ ಠಾಣೇದಾರನ ಕಾಲು ಹಿಡಿದಳು. ‘ದನಿ ನನ್ನ ಮಗಳದು, ಬುದ್ಧೀ!’ ‘ಶತ್ರು ಹೆಣ್ಣುದನಿಯನ್ನೂ ಕಲಿತು ಬರುತ್ತಾನೆ, ಸುಮ್ಮನಿರು’ ಎಂದ ಅವನು. ಹುಡುಗಿ ಬಂಡೆ ಹತ್ತಿ ಗೋಡೆ ದಾಟಲು ಹೋಗಿ ಜಾರಿದಳು. ಬಾಗಿಲು ತೆಗೆದಾಗ ಕುರಿಗಳು ಅವಳ ಹೆಣದ ಸುತ್ತ ನಿಂತಿದ್ದವು.

ಪಾಲವ್ವ ಅರಮನೆಗೆ ದೂರು ಒಯ್ದಳು. ಅಲ್ಲಿ ಕೇಳಿದ್ದು ಒಂದೇ: ‘ರುಮಾಲು ತಲೆಯ ಮೇಲಿತ್ತೋ?’ ಇತ್ತು ಎಂದಳು. ‘ಹಾಗಾದರೆ ಅವನ ತಪ್ಪಲ್ಲ.’ ಪಾಲವ್ವನದು ಸುಮ್ಮನಿರುವ ನಾಲಿಗೆಯಲ್ಲ. ‘ಹಾಗಾದರೆ ಆ ರುಮಾಲನ್ನೇ ಕರೆಸಿ ವಿಚಾರಿಸಿ, ದೊರೆ. ನನ್ನ ಮಗಳನ್ನು ಒಂದು ಬಟ್ಟೆ ಕೊಂದಿತು ಅಂತ ಊರೂರಿಗೆ ಹೇಳಿಕೊಂಡು ಬರುತ್ತೇನೆ’ ಎಂದಳು. ದೊರೆ ನಾಚಿದನೋ ರೇಗಿದನೋ, ರುಮಾಲಿಗೇ ಶಿಕ್ಷೆ ಕೊಟ್ಟ. ಆಳುಗಳು ಅದನ್ನು ಬಂಡೆಯ ನೆತ್ತಿಯಲ್ಲಿಟ್ಟು ಮೇಲೆ ಚಪ್ಪಡಿ ಹೇರಿದರು. ಮರುದಿನವೇ ಭುಜಂಗಪ್ಪನಿಗೆ ಹೊಸ ರುಮಾಲು ಬಂತು. ಅವನು ಅದನ್ನು ಸುತ್ತದೆ, ಬರಿದಲೆಯಲ್ಲಿ ಪಾಲವ್ವನ ಹೊಸ್ತಿಲಿಗೆ ಬಂದನಂತೆ. ‘ಏನು ಬುದ್ಧಿ, ತಲೆ ಮನೆಯಲ್ಲೇ ಬಿಟ್ಟು ಬಂದಿರಾ?’ ಎಂದು ಚುಚ್ಚಿದಳು. ಅವನು ಅಳುತ್ತಿದ್ದ.

ಇಂದಿಗೂ ಊರ ಗಂಡಸರು ತಲೆಯ ಮೇಲಿನ ಟವೆಲ್ಲು, ಟೋಪಿ ಕೈಗೆ ತೆಗೆದುಕೊಂಡೇ ಈ ಗುಂಡನ್ನು ದಾಟುವುದನ್ನು ನೋಡಬಹುದು. ಜೀಪಿನಲ್ಲಿ ಬರುವ ಸಾಹೇಬರು ಮಾತ್ರ ತೆಗೆಯುವುದಿಲ್ಲ. ಅವರಿಗೆ ಕಥೆ ಹೇಳುವವರಾರು? ಅಂದು ಹೊಸ್ತಿಲಲ್ಲಿ ನಿಂತು ಭುಜಂಗಪ್ಪ ಕೇಳಿದ ಮಾತಿಗೆ, ಅಷ್ಟು ಬಾಯಿದ್ದ ಪಾಲವ್ವನಿಗೂ ಸಾಯುವತನಕ ಉತ್ತರ ಹೊಳೆಯಲಿಲ್ಲ ಎನ್ನುತ್ತಾರೆ: ‘ತಪ್ಪು ನನ್ನದಲ್ಲ ಅಂತ ಅರಮನೆ ಹೇಳಿಬಿಟ್ಟಿತು ತಾಯಿ. ಇನ್ನು ತಪ್ಪಾಯಿತು ಅಂತ ನಿನ್ನ ಕಾಲಿಗೆ ಬೀಳಬೇಕಾದವನು ಯಾರು?’