ಬಾನೆಟ್ಟಿನ ಮೇಲಿಟ್ಟ ಕೈ

"ಬುದ್ಧಿ, ಮೂರು ತಿಂಗಳಿಂದ ನನಗೆ ಒಮ್ಮೆಯೂ ಕೋಪ ಬಂದಿಲ್ಲ. ಬೆಟ್ಟದ ಮಠಕ್ಕೆ ನನ್ನನ್ನು ಕಳುಹಿಸಬಹುದಲ್ಲವೆ?"

ಕೇಳಿದವನು ಶಿಷ್ಯ ಮರುಳಯ್ಯ. ಆ ಮಠವಿದ್ದ ಬೆಟ್ಟದ ಊರಿನಲ್ಲಿ ಎರಡು ಕೇರಿಗಳಿಗೆ ಹೊಡೆದಾಟ. ಸಮಾಧಾನ ಮಾಡಲು ಇಲ್ಲಿಂದ ಹೋದ ಇಬ್ಬರು ಶಿಷ್ಯರು ಸಿಟ್ಟಿನಲ್ಲಿ ಮಾತಾಡಿ, ಜಗಳ ಹೆಚ್ಚಿಸಿ ಬಂದಿದ್ದರು. ಮರುಳಯ್ಯ ಆಗಷ್ಟೇ ಪೂಜೆಯಿಂದ ಎದ್ದು ಬಂದಿದ್ದ. ಹಣೆಯ ವಿಭೂತಿ ಇನ್ನೂ ಆರಿರಲಿಲ್ಲ.

ಗುರುಗಳು ಅವನನ್ನು ಕೂರಿಸಿಕೊಂಡು ಕತೆ ತೆಗೆದರು.

ಒಬ್ಬ ವೈದ್ಯನಿದ್ದ. ಕಾಡಿನ ಹಾಡಿಗಳಿಂದ ಹೆರಿಗೆಯ ಹೆಂಗಸರನ್ನು ಆಸ್ಪತ್ರೆಗೆ ಇಳಿಸಲು ಅವನಿಗೊಂದು ಜೀಪು ಬೇಕಾಗಿತ್ತು. ಡ್ರೈವರನೊಬ್ಬ ತನ್ನ ಹಳೆಯ ಜೀಪು ಮಾರುತ್ತಾನೆಂದು ಕೇಳಿ, ನೋಡಲು ಹೋದ.

ಹೋದವನೇ ಮೊದಲು ಬಾನೆಟ್ಟಿನ ಮೇಲೆ ಅಂಗೈ ಇಟ್ಟ.

"ಏನ್ ಡಾಕ್ಟ್ರೇ, ಗಾಡಿ ನೋಡೋಕೆ ಬಂದ್ರೋ, ಜ್ವರ ನೋಡೋಕೆ ಬಂದ್ರೋ?" ಎಂದು ಡ್ರೈವರ್ ನಕ್ಕ.

"ಬೆಚ್ಚಗಿದೆ" ಎಂದ ವೈದ್ಯ.

ಆಮೇಲೆ ಗಾಡಿಯ ಅಡಿಗೆ ನುಸುಳಿ ನೋಡಿದ. ತುಕ್ಕಿರಲಿಲ್ಲ. ಕೀಲಿ ತಿರುಗಿಸಿದ ಕೂಡಲೇ ಎಂಜಿನ್ ಎದ್ದಿತು. ಹಳ್ಳದ ಕೆಸರಿಗೆ ಇಳಿಸಿದರೆ ನಾಲ್ಕೂ ಚಕ್ರ ಕಚ್ಚಿ ಹಿಡಿದು ದಡ ಹತ್ತಿತು.

"ಇನ್ನೇನ್ ನೋಡ್ಬೇಕು?" ಎಂದ ಡ್ರೈವರ್.

"ತಣ್ಣಗಾಗಲಿ. ಗಾಡಿ ಬಿಸಿಯಾಗಲಿ ಎಂದು ಹೆರಿಗೆ ನೋವು ಕಾಯುವುದಿಲ್ಲ."

ವೈದ್ಯ ಬಾನೆಟ್ಟಿನ ಮೇಲೆ ಕೈಯಿಟ್ಟುಕೊಂಡು ನಿಂತ. ಮಂಜು ಇಳಿಯಿತು. ಮೊದಲು ಮರಗಳು ಮರೆಯಾದವು, ಆಮೇಲೆ ದಾರಿ ಮರೆಯಾಯಿತು, ಆಮೇಲೆ ಪಕ್ಕದಲ್ಲಿದ್ದ ಡ್ರೈವರನೂ ಮರೆಯಾದ. ವೈದ್ಯನಿಗೆ ನಿಂತಲ್ಲೇ ಜೊಂಪು ಹತ್ತಿತು. ನಾಲ್ವರು ಡೋಲಿ ಹೊತ್ತು ಮಂಜಿನೊಳಗಿಂದ ಬಂದರು. ಡೋಲಿಯಲ್ಲಿ ಹೆಂಗಸೊಬ್ಬಳಿದ್ದಳು. ಮುಖ ಕಾಣಲಿಲ್ಲ. ಅವನು ಕೀಲಿ ತಿರುಗಿಸಿದ. ಸದ್ದು ಕೇಳುವ ಮೊದಲೇ ಎಚ್ಚರವಾಯಿತು.

ಹೊತ್ತು ಇಳಿದಿತ್ತು. ಅಂಗೈ ಕೆಳಗಿನ ತಗಡು ಕಲ್ಲಿನಂತೆ ತಣ್ಣಗಿತ್ತು.

ವೈದ್ಯ ಹತ್ತಿ ಕೂತು ಕೀಲಿ ತಿರುಗಿಸಿದ. ಸದ್ದಿಲ್ಲ. ಇನ್ನೊಮ್ಮೆ ತಿರುಗಿಸಿದ. ನಿಟ್ಟುಸಿರಿನಂಥದೊಂದು ಬಂತು. ಮೂರನೆಯ ಸಲ ಎಂಜಿನ್ ಕೆಮ್ಮಿ, ಹೊಗೆಯುಗುಳಿ, ಎದ್ದಿತು.

ಡ್ರೈವರ್ ತಲೆ ತಗ್ಗಿಸಿದ. "ತಣ್ಣಗಿದ್ರೆ ಮೂರು ಸಲ ತಿರುಗಿಸ್ಬೇಕು ಡಾಕ್ಟ್ರೇ. ಹನ್ನೊಂದು ವರ್ಷದಲ್ಲಿ ನಾಲ್ಕನೇ ಸಲ ಕೇಳಿದ್ದಿಲ್ಲ. ಆದ್ರೆ ಇದನ್ನ ಹೇಳಿದ್ರೆ ಯಾರು ತಗೋತಾರೆ? ಅದಕ್ಕೇ ನೀವು ಬರೋ ಮುಂಚೆ ಬಿಸಿ ಮಾಡಿಟ್ಟೆ."

"ನಾನು ತಗೋತೀನಿ. ಮೂರು ಸಲ ಅಂತ ಈಗ ಗೊತ್ತಾಯ್ತಲ್ಲ" ಎಂದ ವೈದ್ಯ.

ಗುರುಗಳು ಕತೆ ನಿಲ್ಲಿಸಿದರು.

"ಹಾಗಾದರೆ ನಾನು ಯಾವಾಗ ಹೊರಡಲಿ, ಬುದ್ಧಿ?" ಎಂದ ಮರುಳಯ್ಯ.

ಗುರುಗಳು ಕೈ ಚಾಚಿ ಅವನ ಹಣೆಯನ್ನು ಮುಟ್ಟಿದರು. ಬೆರಳಿಗೆ ಹಸಿ ವಿಭೂತಿ ಹತ್ತಿತು.

"ಪೂಜೆಯಿಂದ ಈಗಷ್ಟೇ ಎದ್ದು ಬಂದಿದ್ದೀಯ. ಇನ್ನೂ ಬೆಚ್ಚಗಿದೆ" ಎಂದರು.